ಷರಾ ಇಲ್ಲದೆ ನೆಟ್ಟ ಅಝೇಲಿಯಾ

ಚೆನ್ನೈಗೆ ಬಂದ ಮೊದಲ ಬೆಳಿಗ್ಗೆ ಮುಖಕ್ಕೆ ಹಚ್ಚಿಕೊಂಡ ಸೋಪು ನೊರೆಯಾಗಲಿಲ್ಲ. ಉಜ್ಜಿದಷ್ಟೂ ಒಡೆದ ಹಾಲಿನ ಚೂರುಗಳಂತೆ ಕೆನ್ನೆಗೆ ಅಂಟಿಕೊಂಡಿತು. ಬಾಯಿ ಮುಕ್ಕಳಿಸಿದೆ, ನೀರು ಉಪ್ಪಾಗಿತ್ತು. ಕಣ್ಣು ಬಿಗಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಗ ಬಚ್ಚಲ ಬಾಗಿಲ ಹೊರಗಿನಿಂದ ಮನೆಯೊಡತಿ ರುಕ್ಮಿಣಿ ಮಾಮಿಯ ದನಿ ಕೇಳಿತು.

“ಆ ಪೈಪು ಬೇಡಮ್ಮಾ, ಅದು ಉಪ್ಪು ತಣ್ಣಿ! ಮೂಲೆ ಬಕೆಟ್‌ನಲ್ಲಿ ನಲ್ಲ ತಣ್ಣಿ ಇಟ್ಟಿದೀನಿ. ಒಂದು ಬಕೆಟ್ ತಾನ್. ಪಾತ್ತು ಯೂಸ್ ಪಣ್ಣು.”

ತಣ್ಣಿ ಎಂದರೆ ನೀರು, ನಲ್ಲ ಎಂದರೆ ಒಳ್ಳೆಯ, ಪಾತ್ತು ಎಂದರೆ ನೋಡಿಕೊಂಡು. ಇಲ್ಲಿ ನೆಲದಿಂದ ಎತ್ತುವ ಉಪ್ಪು ನೀರು ಬೇರೆ, ಅಡುಗೆಗೂ ಮುಖಕ್ಕೂ ಬಳಸುವ ಒಳ್ಳೆಯ ನೀರು ಬೇರೆ. ಗದುಗಿನ ನಮ್ಮ ಓಣಿಯಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಬಂದದ್ದು ಮಾತ್ರ ನೀರೇ ಆಗಿರುತ್ತಿತ್ತು. ಒಂದೇ ಬಚ್ಚಲಲ್ಲಿ ಎರಡು ಜಾತಿಯ ನೀರು ಇರುತ್ತದೆ ಎಂಬುದು ಈ ಊರು ನನಗೆ ಕಲಿಸಿದ ಮೊದಲ ಪಾಠ. ಆ ಪಾಠವನ್ನು ಮುಂದೆ ನಾನು ಒಬ್ಬ ಮನುಷ್ಯನ ಮೇಲೆ ಬಳಸಿದೆ. ಅವನ ಮಟ್ಟಿಗೆ ನನಗೆ ಈಗಲೂ ನಾಚಿಕೆಯಿಲ್ಲ. ಊರಿನವರು ಓದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಾಮಿಯ ಮನೆ ವೆಸ್ಟ್ ಮಾಂಬಲಂನ ಒಂದು ಸಂದಿಯಲ್ಲಿದೆ. ಎರಡು ಸ್ಕೂಟರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಅವರ ಹಿರಿಯರು ಮೈಸೂರು ಕಡೆಯಿಂದ ಮದರಾಸಿಗೆ ಬಂದು ನಾಲ್ಕು ತಲೆಮಾರಾಗಿದೆ. ಅವರ ಕನ್ನಡದ ಅರ್ಧ ಭಾಗ ತಮಿಳು, ನನ್ನ ಕನ್ನಡ ಅವರಿಗೆ ಅರ್ಧ ಮರಾಠಿ. “ನೀ ಪೇಶೋದು ಕನ್ನಡ ತಾನೇ?” ಎಂದು ಮೊದಲ ವಾರ ಮೂರು ಸಲ ಕೇಳಿದರು. ಶಾಲೆಗೆ ಹೋಗುವ ಅವರ ಮೊಮ್ಮಗಳಿಗೆ ನಾವಿಬ್ಬರು ಆಡುವುದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅವ್ವ ಕಳಿಸಿದ ಕಟಕ ಜೋಳದ ರೊಟ್ಟಿಯನ್ನು ಮಾಮಿ ಬೆಳಕಿಗೆ ಹಿಡಿದು ನೋಡಿ, “ದೊಡ್ಡ ಅಪ್ಪಳಮಾ ಇದು? ಎಣ್ಣೆಗೆ ಹಾಕಬೇಕಾ?” ಎಂದರು. ಅಪ್ಪಳಂ ಎಂದರೆ ಹಪ್ಪಳ. ಆ ದಿನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ರೊಟ್ಟಿ ಮುರಿದು ತಿಂದೆ. ಸದ್ದು ಹೊರಗೆ ಕೇಳಬಾರದೆಂದು ನಿಧಾನವಾಗಿ ಮುರಿದೆ.

ನನ್ನ ಕೆಲಸ ಶೋಳಿಂಗನಲ್ಲೂರಿನಲ್ಲಿ. ಐಟಿ ಕಟ್ಟಡಗಳಿಗೆ ತೋಟ ಮಾಡಿಕೊಡುವ ಒಂದು ಸಣ್ಣ ಸಂಸ್ಥೆ. ಧಾರವಾಡದಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಮುಗಿಸಿದ ನನಗೆ ಅಲ್ಲಿ ಸಿಕ್ಕ ಹುದ್ದೆ ಗಿಡಗಳ ಪಟ್ಟಿ ಮಾಡುವುದು. ಮಾಂಬಲಂ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಗಿಂಡಿ, ಅಲ್ಲಿಂದ ಬಸ್ಸು. ಇಳಿಯಬೇಕು ಎನ್ನಲು ‘ಇರಂಗಣುಂ’ ಎನ್ನಬೇಕು. ಮೊದಲ ತಿಂಗಳು ಆ ಶಬ್ದ ಗಂಟಲಲ್ಲೇ ಉಳಿದು ಎರಡು ನಿಲ್ದಾಣ ಮುಂದೆ ಹೋಗಿ ನಡೆದುಕೊಂಡು ಬರುತ್ತಿದ್ದೆ. ಒಂದು ದಿನ ಜೋರಾಗಿ ಕೂಗಿದೆ. ಕಂಡಕ್ಟರ್ ಬೆಚ್ಚಿಬಿದ್ದ, ಬಸ್ಸು ನಿಂತಿತು. ಗೆದ್ದ ಸಂತೋಷದಲ್ಲಿ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟೆ.

ನಮ್ಮ ಕೆಲಸದಲ್ಲಿ ಗಿಡಗಳ ಪಟ್ಟಿ ಎಂದರೆ ಆರು ಕಾಲಂಗಳ ಒಂದು ಕೋಷ್ಟಕ. ಹೆಸರು, ಸಂಖ್ಯೆ, ಎತ್ತರ, ಮಣ್ಣು, ಹೂ ಬಿಡುವ ಕಾಲ, ಕೊನೆಗೆ ಷರಾ. ಮೊದಲ ಐದನ್ನು ಯಾರು ಬೇಕಾದರೂ ಪುಸ್ತಕ ನೋಡಿ ತುಂಬಬಹುದು. ಆ ಗಿಡ ಯಾವುದರಿಂದ ಸಾಯುತ್ತದೆ ಎಂಬುದನ್ನು ಷರಾದಲ್ಲಿ ಬರೆಯಬೇಕು. ನಾನು ಉದ್ದ ಷರಾ ಬರೆಯುತ್ತಿದ್ದೆ. ಮಾತಿನಲ್ಲಿ ಹೇಳಲಾಗದವರು ಹಾಗೆ ಬರೆಯುತ್ತೇವೆ.

ನನ್ನ ಮೇಲಿನ ಅಧಿಕಾರಿ ಮುರಳೀಧರನ್. ನಲವತ್ತರ ಆಸುಪಾಸು, ಒಳ್ಳೆಯ ಮಾತುಗಾರ. ನಾನು ಕರ್ನಾಟಕದವಳೆಂದು ತಿಳಿದ ದಿನವೇ ನನಗೆ ‘ಕಾವೇರಿ’ ಎಂದು ಹೆಸರಿಟ್ಟ. ನಾನು ಬಾಟಲಿ ತುಂಬಿಸಿಕೊಳ್ಳಲು ಎದ್ದರೆ, “ಏನು ಕಾವೇರಿ, ಇವತ್ತಾದರೂ ಸ್ವಲ್ಪ ನೀರು ಬಿಡ್ತೀಯಾ?” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಗದುಗಿಗೂ ಕಾವೇರಿಗೂ ಇಡೀ ಒಂದು ಹಗಲಿನ ದಾರಿ ಎಂದು ಹೇಳಬಹುದಿತ್ತು. ನಾನೂ ನಕ್ಕೆ.

ಕೆಲಸಕ್ಕೆ ಸೇರಿದ ಐದನೇ ತಿಂಗಳು ನೀಲಗಿರಿ ಬೆಟ್ಟದ ಕೋಟಗಿರಿಯಲ್ಲಿ ಒಂದು ಅತಿಥಿಗೃಹಕ್ಕೆ ತೋಟ ಮಾಡುವ ಕೆಲಸ ಬಂತು. ಅದರ ಹಿತ್ತಲಲ್ಲಿ ತೊರೆ, ತೊರೆಯ ಪಕ್ಕ ಯಾವಾಗಲೂ ಹಸಿಯಾಗಿರುವ ನೆಲ. ಅಲ್ಲಿಗೆ ಒಗ್ಗುವ ಗಿಡ ಹುಡುಕಲು ನನ್ನನ್ನು ಕಳಿಸಿದರು. ನೀರಿಲ್ಲದ ಊರಿನಲ್ಲಿ ಬೆಳೆದವಳು ಮೂರು ತಿಂಗಳು ಒದ್ದೆ ಮಣ್ಣನ್ನೇ ಓದಿದೆ. ಅಲ್ಲಿನ ಹಳೆಯ ನರ್ಸರಿಯೊಂದನ್ನು ನಡೆಸುತ್ತಿದ್ದ ಮುದುಕಿಯೊಬ್ಬರು ತಂತಿಬೇಲಿಯ ಹಿಂದೆ ಸಾಲಾಗಿ ಬೆಳೆಸಿದ್ದ ಪೊದೆಗಳನ್ನು ತೋರಿಸಿದರು. ಅದು ಅಮೆರಿಕದ ಜೌಗಿನಿಂದ ಬಂದ ಅಝೇಲಿಯಾ. ನೀಲಗಿರಿಯ ಬೆಟ್ಟಗಳಲ್ಲಿ ಕೆಂಪಗೆ ಹೂಬಿಡುವ ಮರದ ದೂರದ ದಾಯಾದಿ. ಆ ಮರ ವರ್ಷವಿಡೀ ಹಸಿರು, ಇದು ಚಳಿಗೆ ಎಲೆ ಉದುರಿಸಿ ಬರಿ ಕಡ್ಡಿಯಾಗಿ ನಿಲ್ಲುತ್ತದೆ. ಎಲೆ ಮರಳಿ ತುಂಬಿದ ಮೇಲೆ ಬಿಳಿ ಹೂ ಬರುತ್ತದೆ. ಉದ್ದನೆಯ ಕೊಳವೆಯಂಥ ಹೂ, ಮುಟ್ಟಿದರೆ ಬೆರಳಿಗೆ ಅಂಟು. ಲವಂಗವನ್ನು ಜೇನಿನಲ್ಲಿ ಅದ್ದಿದ ಹಾಗೆ ವಾಸನೆ. ಎಂಟು ತಿಂಗಳಲ್ಲಿ ನನಗೆ ಯಾವ ಊರಿನ ನೆನಪನ್ನೂ ತರದ, ಆದರೂ ಹಿತವೆನಿಸಿದ ಮೊದಲ ವಾಸನೆ ಅದು.

ಪಟ್ಟಿಯಲ್ಲಿ ಅದನ್ನು ಮೊದಲ ಸಾಲಿಗೇ ಬರೆದೆ. ಮಣ್ಣು: ಒದ್ದೆ ಮಣ್ಣಿಗೆ ಸೂಕ್ತ. ಷರಾ: “ಚಳಿಗಾಲ ಬೇಕೇ ಬೇಕು. ಹುಳಿ ಮಣ್ಣು, ಸಿಹಿನೀರು ಮಾತ್ರ. ಉಪ್ಪು ನೀರು ತಾಗಿದರೆ ಒಂದು ಬೇಸಿಗೆಯೂ ಬದುಕುವುದಿಲ್ಲ. ಬಯಲುಸೀಮೆಗೆ ಖಂಡಿತ ಬೇಡ.” ಕೆಳಗೆ, ತಯಾರಿಸಿದವರು ಎಂಬಲ್ಲಿ, ನೀಲಾಂಬಿಕಾ ಎಂದು ನನ್ನ ಹೆಸರು ಹಾಕಿದೆ.

ಕೋಟಗಿರಿಯ ಕೆಲಸ ಅಲ್ಲಿಗೇ ನಿಂತಿತು. ಅತಿಥಿಗೃಹದವರು ಮನಸ್ಸು ಬದಲಿಸಿದರು. ಎರಡು ತಿಂಗಳ ನಂತರ ಶೋಳಿಂಗನಲ್ಲೂರಿನಲ್ಲೇ ಒಂದು ದೊಡ್ಡ ಕಚೇರಿ ಕಟ್ಟಡದ ಒಳಅಂಗಳಕ್ಕೆ ತೋಟ ಬೇಕೆಂದು ಕರೆ ಬಂತು. ಅಂಗಳ ತಗ್ಗಿನಲ್ಲಿತ್ತು, ಮಳೆ ನಿಂತು ತಿಂಗಳಾದರೂ ಒದ್ದೆ ಆರುತ್ತಿರಲಿಲ್ಲ. ಸಭೆಗೆ ನನ್ನನ್ನು ಕರೆದೊಯ್ದದ್ದು ಲ್ಯಾಪ್‌ಟಾಪ್ ಹಿಡಿಯಲು. ಪರದೆಯ ಮೇಲೆ ನನ್ನ ಪಟ್ಟಿ ಮೂಡಿತು. ಕೆಳಗೆ ಮುರಳೀಧರನ್ ಎಂದಿತ್ತು. ಕಾಲಂಗಳು ಐದೇ ಇದ್ದವು. ಆರೂ ಪರದೆಯಲ್ಲಿ ಹಿಡಿಸುವುದಿಲ್ಲವೆಂದು ಕೊನೆಯದಾದ ಷರಾವನ್ನು ಅವನು ಕತ್ತರಿಸಿದ್ದ.

ಆ ಕಟ್ಟಡದ ಉಸ್ತುವಾರಿ ನೋಡುವ ಗ್ರೇಸ್ ಮೇಡಂ ಕೇಳಿದರು: “ಈ ಅಝೇಲಿಯಾ ಇಲ್ಲಿ ಬರುತ್ತಾ?”

“ಮಣ್ಣಿನ ಕಾಲಂ ನೋಡಿ ಮೇಡಂ,” ಎಂದ ಮುರಳೀಧರನ್. “ಒದ್ದೆ ಮಣ್ಣಿಗೆ ಸೂಕ್ತ. ನಿಮ್ಮ ಜಾಗವೇ ಹಿಂದೆ ಜೌಗು. ಮೂರು ತಿಂಗಳು ಕೂತು ನಾನೇ ಸ್ಟಡಿ ಮಾಡಿದ್ದು.”

ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಏನು ಕಾವೇರಿ, ಏನಾದರೂ ಹೇಳೋದಿದೆಯಾ?” ಎಂದ.

ಆ ಕ್ಷಣ ನನಗೆ ಸ್ಪಷ್ಟವಾಗಿ ನೆನಪಿದೆ. ಎಸಿಯ ಗಾಳಿ ನೇರ ಕುತ್ತಿಗೆಗೆ ಬೀಳುತ್ತಿತ್ತು. ಒಂದು ವಾಕ್ಯ ಸಾಕಿತ್ತು.

“ಇಲ್ಲ ಸಾರ್,” ಎಂದೆ.

ಮರುದಿನ ಅವನ ಮೇಜಿನ ಬಳಿ ಹೋಗಿ, “ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ” ಎಂದು ಮಾತ್ರ ಹೇಳಿದೆ. ಅವನಿಗೆ ಒಂದು ಅವಕಾಶ ಕೊಟ್ಟೆ ಎಂದು ನನಗೆ ನಾನೇ ಹೇಳಿಕೊಳ್ಳಲು.

“ಎಲ್ಲಾ ಟೀಮ್ ವರ್ಕ್ ಮಾ,” ಎಂದು ನಕ್ಕ. “ಗಿಡ ನಿನ್ನ ಹೆಸರು ಕೇಳಿಕೊಂಡು ಬೆಳೆಯುತ್ತಾ?”

ಇಲ್ಲ, ಹೆಸರು ಕೇಳುವುದಿಲ್ಲ. ಏನು ಕೇಳುತ್ತದೆ ಎಂಬುದು ಕತ್ತರಿಸಿದ ಕಾಲಂನಲ್ಲಿತ್ತು. ನಾನು ನನ್ನ ಜಾಗಕ್ಕೆ ಬಂದು ಕೂತೆ. ಊರಿನಲ್ಲಿ ನಮ್ಮ ಮನೆಯವರೆಲ್ಲ ಜಗಳವನ್ನು ಅಂಗಳದಲ್ಲೇ, ನಾಲ್ಕು ಮಂದಿಯ ಎದುರೇ ಮುಗಿಸಿ ಚಹಾ ಕುಡಿಯುವವರು. ನಾನು ಮೊದಲ ಸಲ ಒಂದು ಜಗಳವನ್ನು ನೆಲದೊಳಗೆ ನೆಡಲು ಬಿಟ್ಟೆ.

ಜನವರಿಯಲ್ಲಿ ಕೋಟಗಿರಿಯಿಂದ ನಲವತ್ತೆಂಟು ಗಿಡ ಲಾರಿಯಲ್ಲಿ ಬಂದವು. ಎಲ್ಲವೂ ಬರಿ ಕಡ್ಡಿ. ಅಂಗಳದ ಗಿಡ ನೋಡಿಕೊಳ್ಳುವ ಸೆಲ್ವಿ ಒಂದು ಕಡ್ಡಿಯನ್ನು ಉಗುರಿನಿಂದ ಗೀರಿ ನೋಡಿದರು. ಐವತ್ತು ದಾಟಿದ ಹೆಂಗಸು, ಪಳ್ಳಿಕರಣೈ ಜೌಗಿನ ಅಂಚಿನಲ್ಲಿ ಹುಟ್ಟಿದವರು, ನಮ್ಮ ಸಂಸ್ಥೆಯಲ್ಲಿ ಗುತ್ತಿಗೆ ಕೆಲಸ. “ಚೆತ್ತುಪೋಚ್ಚು,” ಎಂದರು. ಸತ್ತಿದೆ.

“ಸತ್ತಿಲ್ಲ, ನಿದ್ದೆ ಮಾಡ್ತಿದೆ,” ಎಂದೆ ನನ್ನ ಹರಕು ತಮಿಳಿನಲ್ಲಿ. ಸೆಲ್ವಿ ಬಾಯಿತುಂಬ ನಕ್ಕರು. “ನನ್ನ ಗಂಡನೂ ಹೀಗೇ. ಹತ್ತು ಗಂಟೆಗೂ ಕಡ್ಡಿ ಹಾಗೆ ಬಿದ್ದಿರ್ತಾನೆ. ಅವನಿಗೂ ಲಾರಿ ತರಿಸಮ್ಮಾ.”

ನನಗೆ ತಮಿಳು ಕಲಿಸಿದ್ದು ಸೆಲ್ವಿ. ಊಟದ ಹೊತ್ತಿಗೆ ಆ ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕೂತು, ನನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ತಮ್ಮ ಪುಳಿಯೋದರೈ ಅನ್ನಕ್ಕೆ ಕಲಸಿ ನನಗೂ ಅರ್ಧ ಕೊಟ್ಟು, ನಾನು ತಪ್ಪಿದ ಶಬ್ದವನ್ನು ಹತ್ತು ಸಲ ಹೇಳಿಸುತ್ತಿದ್ದರು. ನೀರು ಹಾಕಿದೆ, ಹಾಕುತ್ತೇನೆ, ಹಾಕಬಾರದಿತ್ತು. ನನ್ನನ್ನು ‘ಕಣ್ಣು’ ಎಂದು ಕರೆಯುತ್ತಿದ್ದರು. ಇಲ್ಲಿ ಮಕ್ಕಳನ್ನು ಹಾಗೆ ಕರೆಯುತ್ತಾರೆ. ಇಡೀ ಚೆನ್ನೈಯಲ್ಲಿ ನನ್ನನ್ನು ಹೆಸರಲ್ಲದ ಹೆಸರಿನಿಂದ ಕರೆದು ನೋಯಿಸದವರು ಅವರೊಬ್ಬರೇ.

ಗಿಡಗಳು ಮೊದಲು ನನಗೆ ಮೋಸ ಮಾಡಿದವು. ಬೆಟ್ಟದ ಚಳಿಯನ್ನು ಒಳಗೆ ತುಂಬಿಕೊಂಡೇ ಬಂದಿದ್ದವಲ್ಲ, ಇಲ್ಲಿಯ ಬಿಸಿಗೆ ಒಮ್ಮೆಗೇ ಚಿಗುರಿದವು. ಮಾರ್ಚಿನಲ್ಲಿ ಏಳು ಗಿಡ ಹೂ ಬಿಟ್ಟವು. ಲಿಫ್ಟಿನಿಂದ ಹೊರಬಂದವರು ಮೂಗೆತ್ತಿ ನಿಲ್ಲುತ್ತಿದ್ದರು. ಮುರಳೀಧರನ್ ಹೂವಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಆ ಫೋಟೋವನ್ನು ಚೌಕಟ್ಟು ಹಾಕಿಸಿ ನಮ್ಮ ಕಚೇರಿಯ ಬಾಗಿಲಲ್ಲೇ ತೂಗುಹಾಕಿದರು. ದಿನಾ ಅದರ ಕೆಳಗೆ ಹಾದುಹೋಗುತ್ತ ನಾನು ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ. ಇದು ಕೊನೆಯ ಹೂವೆಂದು ಇಲ್ಲಿ ಗೊತ್ತಿರುವುದು ನನಗೊಬ್ಬಳಿಗೆ.

ಏಪ್ರಿಲ್ ಎರಡನೇ ವಾರ ಎಲೆ ಹಳದಿಗೆ ತಿರುಗಿತು. ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಆಮೇಲೆ ಅಂಚು ಸುಟ್ಟ ಕಾಗದದಂತೆ ಕಂದಿತು. ಅಂಗಳಕ್ಕೆ ಬರುತ್ತಿದ್ದದ್ದು ಬೋರ್‌ವೆಲ್ ನೀರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ನಡುವೆ ನೆಲದಡಿ ಉಪ್ಪು. ಕಟ್ಟಡದ ಉಳಿದ ಗಿಡಗಳೆಲ್ಲ ಆ ನೀರಿಗೆ ಒಗ್ಗಿದ್ದವು. ಸೆಲ್ವಿ ಹಾಕಿದ ಪ್ರತಿ ಕೊಡವೂ ನನ್ನ ಷರಾವನ್ನು ಒಂದೊಂದೇ ಅಕ್ಷರವಾಗಿ ಮತ್ತೆ ಬರೆಯುತ್ತಿತ್ತು.

ನಾನು ಸುಖವಾಗಿದ್ದೆ. ಇದನ್ನು ಬಚ್ಚಿಡುವುದಿಲ್ಲ. ಚೆನ್ನಾಗಿ ಊಟ ಮಾಡುತ್ತಿದ್ದೆ, ಮಾಮಿಯ ವತ್ತಕುಳಂಬು ಎಂಬ ಹುಳಿಸಾರನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ.

“ಏನಮ್ಮಾ, ರೊಂಬ ಖುಷಿಯಾಗಿದ್ದೀಯ?” ಎಂದರು ಮಾಮಿ. “ಪ್ರಮೋಷನಾ? ಇಲ್ಲ, ಮಾಪಿಳ್ಳೈ ಸಿಕ್ಕಿದನಾ?” ಮಾಪಿಳ್ಳೈ ಎಂದರೆ ಮದುವೆಯ ಗಂಡು.

“ಇಲ್ಲ ಮಾಮಿ. ಆಫೀಸಿನಲ್ಲಿ ಒಂದಷ್ಟು ಎಲೆ ಹಳದಿಯಾಗ್ತಿದೆ.”

“ಅದಕ್ಕಾ ಹೀಗೆ ತಿನ್ನೋದು!” ಎಂದು ನನ್ನ ಮುಖವನ್ನೇ ನೋಡಿ ಸೌಟು ಕೆಳಗಿಟ್ಟರು.

ಮೇ ತಿಂಗಳಿಗೆ ಮೂವತ್ತು ಗಿಡ ಮತ್ತೆ ಕಡ್ಡಿಯಾದವು. ಈ ಸಲ ನಿದ್ದೆಯಲ್ಲ. ಗ್ರೇಸ್ ಮೇಡಂ ಕಾರಣ ಕೇಳಿ ಪತ್ರ ಬರೆದರು. ನಾನು ಕಾದಿದ್ದ ದಿನ ಬಂತು ಎಂದುಕೊಂಡೆ. ಆದರೆ ಆ ದಿನ ಮುರಳೀಧರನ್ ಏನು ಮಾಡಬಹುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಗಿಡದ ಸ್ವಭಾವ ಓದಿದ್ದೆ, ಅವನದನ್ನು ಓದಿರಲಿಲ್ಲ. ಅವನು ಎರಡು ಸಾಲಿನ ಉತ್ತರ ಬರೆದ: ತೋಟದ ಕೆಲಸದಾಕೆ ಹೇಳಿದ ಕ್ರಮದಲ್ಲಿ ನೀರು ಹಾಕಿಲ್ಲ, ಅವಳನ್ನು ಬದಲಿಸುತ್ತೇವೆ.

ಸೆಲ್ವಿ ಊಟದ ಹೊತ್ತಿಗೆ ಮೆಟ್ಟಿಲ ಬಳಿ ನಿಂತಿದ್ದರು, ಕೂರಲಿಲ್ಲ. “ನಾನ್ ಎನ್ನ ತಪ್ಪು ಪಣ್ಣೇನ್, ಕಣ್ಣು?” ಎಂದರು. ನಾನೇನು ತಪ್ಪು ಮಾಡಿದೆ? “ನೀ ಓದಿದವಳು. ಹೇಳು. ಜಾಸ್ತಿ ಹಾಕಿದೆನಾ? ಕಮ್ಮಿ ಹಾಕಿದೆನಾ? ಶುಕ್ರವಾರದವರೆಗೆ ಮಾತ್ರ ಅಂದಿದ್ದಾರೆ. ಈ ವಯಸ್ಸಿನಲ್ಲಿ ಇನ್ನೊಂದು ಗೇಟು ಯಾರು ತೆರೀತಾರೆ?”

“ನಿಮ್ಮ ತಪ್ಪಿಲ್ಲ,” ಎಂದೆ. “ಬನ್ನಿ.”

ಕಚೇರಿಗೆ ಹೋಗಿ ನನ್ನ ಹಳೆಯ ಪಟ್ಟಿಯನ್ನು, ಆರೂ ಕಾಲಂ ಇರುವಂತೆ, ಮುದ್ರಿಸಿಕೊಂಡೆ. ಸೆಲ್ವಿಯನ್ನು ಜೊತೆಗೆ ಕರೆದುಕೊಂಡು ಗ್ರೇಸ್ ಮೇಡಂ ಕೋಣೆಗೆ ಹೋದೆ. ಮುರಳೀಧರನ್ ಅಲ್ಲೇ ಕೂತಿದ್ದ. ಇನ್ನಿಬ್ಬರು ಸಹಾಯಕರೂ ಇದ್ದರು. ನಾನು ಇಂಗ್ಲಿಷಿನಲ್ಲಿ ಮಾತಾಡಬಹುದಿತ್ತು, ಅದೇ ನನಗೆ ಸುಲಭ. ಬೇಕೆಂದೇ ತಮಿಳಿನಲ್ಲಿ ಆಡಿದೆ. ಅವನ ಭಾಷೆಯಲ್ಲೇ, ಅವನ ಜನರ ಎದುರೇ ಅವನನ್ನು ಇಳಿಸಬೇಕಿತ್ತು.

ಕಾಗದ ಮೇಜಿನ ಮೇಲಿಟ್ಟು ಷರಾ ಓದಿದೆ. ಒಂದೊಂದು ವಾಕ್ಯವನ್ನೂ ನಿಲ್ಲಿಸಿ ನಿಲ್ಲಿಸಿ ಓದಿದೆ. ಉಪ್ಪು ನೀರು ಎಂಬಲ್ಲಿ ಗ್ರೇಸ್ ಮೇಡಂ ಕನ್ನಡಕ ತೆಗೆದರು. ಮುರಳೀಧರನ್ ನನ್ನನ್ನು ನೋಡಿದ. ಆ ನೋಟ ನನ್ನ ಬಳಿ ಇನ್ನೂ ಇದೆ. ಬೇಸರವಾದ ದಿನ ತೆಗೆದು ನೋಡಿಕೊಳ್ಳುತ್ತೇನೆ.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ,” ಎಂದ.

“ಷರಾದಲ್ಲಿ ಹೇಳಿದ್ದೆ ಸಾರ್. ನೀವು ಕತ್ತರಿಸಿದಿರಿ.”

ಅಲ್ಲಿಗೆ ಮುಗಿದಿದ್ದರೆ ಈ ಕಥೆ ಪೂರ್ತಿ ನನ್ನದಾಗುತ್ತಿತ್ತು. ಗ್ರೇಸ್ ಮೇಡಂ ಕೇಳಿದರು: “ನಿನಗೆ ಇದು ಯಾವಾಗಿನಿಂದ ಗೊತ್ತು?”

“ಸಭೆಯ ದಿನದಿಂದ.”

“ನೆಡುವಾಗ?”

“ಗೊತ್ತಿತ್ತು.”

“ಹಳದಿಯಾಗುವಾಗ?”

“ಗೊತ್ತಿತ್ತು ಮೇಡಂ.”

‘ತೆರಿಯುಂ’ ಎಂದೆ, ಎರಡು ಸಲವೂ ತಮಿಳಿನಲ್ಲೇ. ಉಚ್ಚಾರ ತಪ್ಪಲಿಲ್ಲ. ಬಾಗಿಲ ಬಳಿ ನಿಂತಿದ್ದ ಸೆಲ್ವಿಗೆ ಪ್ರತಿಯೊಂದು ಶಬ್ದವೂ ತಿಳಿಯಿತು. ತಿರುಗಿ ನೋಡುವ ಹೊತ್ತಿಗೆ ಅವರು ಅಲ್ಲಿರಲಿಲ್ಲ.

ಸೆಲ್ವಿಯ ಕೆಲಸ ಉಳಿಯಿತು. ಮುರಳೀಧರನ್‌ನನ್ನು ಆ ಕಟ್ಟಡದ ಕೆಲಸದಿಂದ ತೆಗೆದರು. ಫೋಟೋ ಇಳಿಯಿತು, ಗೋಡೆಯಲ್ಲಿ ಮೊಳೆ ಉಳಿಯಿತು. ಎರಡು ತಿಂಗಳಲ್ಲಿ ಅವನು ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೋದ. ಹೋಗುವ ದಿನ ಎಲ್ಲರ ಕೈಕುಲುಕಿದ, ನನ್ನದನ್ನು ಬಿಟ್ಟ. ಅಂಗಳದ ಹೊಸ ತೋಟ ನನ್ನ ಹೆಸರಿನಲ್ಲಿ ಬಂತು. ಕಚೇರಿಯವರು ಸಂತೋಷದಿಂದ ಕೊಟ್ಟದ್ದಲ್ಲ, ಬೇರೆ ಯಾರೂ ಇರಲಿಲ್ಲ.

ಸೆಲ್ವಿ ನನ್ನನ್ನು ‘ಮೇಡಂ’ ಎಂದು ಕರೆಯತೊಡಗಿದರು. ಊಟವನ್ನು ಪಂಪ್‌ಹೌಸಿನ ಹಿಂದೆ ಮಾಡುತ್ತಿದ್ದರು. ಒಮ್ಮೆ ಅಲ್ಲಿಗೂ ಹೋದೆ. ಅವರು ಡಬ್ಬಿ ಮುಚ್ಚಿದರು.

“ನಾಲ್ಕು ತಿಂಗಳು ನೀರು ಹೊತ್ತೆ,” ಎಂದರು, ನನ್ನ ಮುಖ ನೋಡದೆ. “ನೀ ಪಕ್ಕದಲ್ಲೇ ನಿಂತು ತಮಿಳು ಕಲಿತೆ. ಅವನು ನನ್ನನ್ನು ಮನುಷ್ಯಳು ಅಂತ ನೋಡಲಿಲ್ಲ, ಸರಿ, ಅವನು ಅಂಥವನೇ. ನೀ ನನ್ನ ಅನ್ನ ತಿಂದವಳು.”

ನನ್ನ ಡಬ್ಬಿಯನ್ನು ತೆರೆಯದೆ ಎತ್ತಿಕೊಂಡು ಹಿಂದಿರುಗಿದೆ.

ಹೊಸ ಪಟ್ಟಿಗೆ ಕೇದಗೆ, ಹೊನ್ನೆ, ಇಲ್ಲಿ ನೊಚ್ಚಿ ಎನ್ನುವ ಲಕ್ಕಿ, ಹೀಗೆ ಉಪ್ಪಿಗೆ ಹೆದರದ ಗಿಡಗಳನ್ನೇ ಆರಿಸಿದೆ. ನೆಡುವ ಬೆಳಿಗ್ಗೆ ಸೆಲ್ವಿ ಗುದ್ದಲಿ ಹಿಡಿದು ಗುಂಡಿಯ ಪಕ್ಕ ನಿಂತರು, ಅಗೆಯಲಿಲ್ಲ. “ಮೊದಲು ಪಟ್ಟಿಯ ಕೊನೇ ಮನೆಯಲ್ಲಿ ಬರೆದಿದ್ದನ್ನ ಓದಿ ಮೇಡಂ,” ಎಂದರು. “ಜೋರಾಗಿ. ತಮಿಳಲ್ಲಿ.” ಇತರ ಆಳುಗಳು ನೋಡುತ್ತ ನಿಂತರು. ಹದಿನಾಲ್ಕು ಗಿಡದ ಷರಾವನ್ನು ಬಿಸಿಲಲ್ಲಿ ನಿಂತು ಓದಿದೆ. ಪ್ರತಿಯೊಂದರ ಕೊನೆಗೆ ಅವರು ಒಂದೇ ಪ್ರಶ್ನೆ ಕೇಳಿದರು: “ಬದುಕುತ್ತಾ?” ಬದುಕುತ್ತದೆ ಎಂದು ನಾನು ಹೇಳಿದ ಮೇಲೆಯೇ ಗುದ್ದಲಿ ಬಿತ್ತು. ಈಗ ನಮ್ಮಿಬ್ಬರ ನಡುವೆ ಇರುವ ಮಾತು ಅಷ್ಟೇ.

ಕಳೆದ ತಿಂಗಳು ಗದುಗಿಗೆ ಹೋಗಿದ್ದೆ. ಅಲ್ಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಕೆಲಸ ಖಾಲಿಯಿದೆ ಎಂದು ಅವ್ವ ಅರ್ಜಿಯನ್ನೂ ತರಿಸಿ ಇಟ್ಟಿದ್ದಳು. ನಾನು ಪೆನ್ನು ಹಿಡಿಯದೆ ಕೂತಿದ್ದನ್ನು ನೋಡಿ ಎದುರು ಬಂದು ಕೂತಳು.

“ಅಲ್ಲೆ ನಿನಗ ಯಾರದಾರವ್ವಾ, ಬಿಟ್ಟು ಬರಾಕ ಇಷ್ಟು ವಿಚಾರ ಮಾಡಾಕ?”

“ಒಬ್ಬಾಕಿ ಅದಾಳ,” ಎಂದೆ. “ನನ್ನ ಜೋಡಿ ಮಾತಾಡಂಗಿಲ್ಲ.”

ಅವ್ವನಿಗೆ ಎಲ್ಲ ಹೇಳಿದೆ. ಮುರಳೀಧರನ್‌ನ ಮುಖದ ಭಾಗ ಬಂದಾಗ ಅವಳು ತೊಡೆ ತಟ್ಟಿ, “ಹಂಗ ಆಗಬೇಕು ಅವಗ!” ಎಂದಳು. ಸೆಲ್ವಿಯ ಭಾಗ ಬಂದಾಗ ಸೆರಗಿನ ಅಂಚು ಮಡಚುತ್ತ ಕೂತಳು. ಕೊನೆಗೆ, “ಇಲ್ಲಿದ್ದಾಗ ನೀ ಹಿಂಗಿರಲಿಲ್ಲ” ಎಂದಳು. ಬೈದದ್ದಲ್ಲ, ಗುರುತು ಸಿಗದವರ ಕಡೆ ನೋಡಿ ಹೇಳಿದ ಹಾಗೆ.

ನಿಜ. ಗದುಗಿನಲ್ಲಿ ಆಗಿದ್ದರೆ ಮೊದಲ ದಿನವೇ ಬಾಯಿ ಬಿಡುತ್ತಿದ್ದೆ. ಅಲ್ಲಿ ಎಲ್ಲರಿಗೂ ನಾನು ಯಾರ ಮಗಳೆಂದು ಗೊತ್ತು. ಐದು ತಿಂಗಳು ಬಾಯಿ ಮುಚ್ಚಿಕೊಂಡು ಕಾಯಬಲ್ಲ ಹೆಂಗಸು ನನ್ನೊಳಗೆ ಹುಟ್ಟಿದ್ದು ಚೆನ್ನೈಯಲ್ಲಿ, ಯಾರಿಗೂ ಗುರುತಿಲ್ಲದ ಕಡೆ. ಅವಳನ್ನು ಅವ್ವನ ಮನೆಗೆ ಕರೆತರಲು ನನಗೆ ಮನಸ್ಸಿಲ್ಲ. ಅವಳನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ಬರಲೂ ಆಗುವುದಿಲ್ಲ. ಅರ್ಜಿಯನ್ನು ತುಂಬದೆ, ಹರಿಯದೆ, ಅವ್ವನ ಕೈಗೇ ಕೊಟ್ಟು ಬಂದೆ.